ಶುಶ್ರೂಷೆಯಲ್ಲಿ ಚಿಕಿತ್ಸಕ ಸಂವಹನ ಮತ್ತು ರೋಗಿಯ ಸ್ಥಿತಿ ನಿರ್ಧಾರ: ಇತಿಹಾಸ

ರೋಗಿಯ ಚೇತರಿಕೆಗೆ ನೆರವಾಗಲೆಂದೇ ನರ್ಸ್ ನಡೆಸುವ ಮಾತುಕತೆ, ಹಾಗೂ ಆ ಮಾತುಕತೆ, ಗಮನಿಕೆ, ದೇಹಪರೀಕ್ಷೆಗಳ ಮೂಲಕ ರೋಗಿಗೆ ಬೇಕಾದುದೇನೆಂದು ಗುರುತಿಸುವ ಕ್ರಮ. ಕೈಪಿಡಿಗಳು ಇವೆರಡನ್ನೂ ಬೇರೆಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಆರಂಭದ ಬರಹಗಳಲ್ಲಿ ಈ ಗೋಡೆ ಇರಲಿಲ್ಲ.

ಕ್ರಿಮಿಯಾ ಯುದ್ಧದ ದೀಪಧಾರಿಣಿಯಾಗಿ ಫ್ಲಾರೆನ್ಸ್ ನೈಟಿಂಗೇಲ್ ಎಲ್ಲರಿಗೂ ಗೊತ್ತು. ಈ ವಿಷಯಕ್ಕೆ ಬೇಕಾಗುವುದು 1859ರ ‘ನೋಟ್ಸ್ ಆನ್ ನರ್ಸಿಂಗ್’. ರಾತ್ರಿ ಚೆನ್ನಾಗಿ ಕಳೆಯಿತೇ ಎಂದು ಕೇಳಿದರೆ ಏನೂ ತಿಳಿಯದು. ಎಷ್ಟು ಗಂಟೆ ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು ಎಂಬುದು ಅವರ ಸಲಹೆ. ರೋಗಿ ಕತ್ತು ತಿರುಗಿಸಬೇಕಾಗದಂತೆ ಅವನ ಕಣ್ಣೆದುರಿಗೇ ಕುಳಿತು ಮಾತನಾಡಬೇಕೆಂದೂ ಹೇಳಿದ್ದಾರೆ. ಪೊಳ್ಳು ಭರವಸೆ, ಬಿಟ್ಟಿ ಉಪದೇಶಗಳನ್ನು ಖಂಡಿಸಲು ಇಡೀ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಮುಂದಿನ ಹಲವು ದಶಕಗಳಲ್ಲಿ ಆಸ್ಪತ್ರೆಗಳ ತರಬೇತಿ ಶಾಲೆಗಳು ಶಿಸ್ತು, ಶುಚಿತ್ವ, ವೈದ್ಯರ ಆದೇಶ ಪಾಲನೆಗಳಿಗೇ ಹೆಚ್ಚು ಒತ್ತು ಕೊಟ್ಟವು.

ತಿರುವು ಬಂದದ್ದು ಅಮೆರಿಕದ ಮನೋವೈದ್ಯಕೀಯ ಶುಶ್ರೂಷೆಯಿಂದ. ಹಿಲ್ಡೆಗಾರ್ಡ್ ಪೆಪ್ಲಾವ್ (1909–1999) ಅವರ ‘ಇಂಟರ್‌ಪರ್ಸನಲ್ ರಿಲೇಷನ್ಸ್ ಇನ್ ನರ್ಸಿಂಗ್’ ಪ್ರಕಟವಾದದ್ದು 1952ರಲ್ಲಿ. ಹಸ್ತಪ್ರತಿ 1948ರಲ್ಲೇ ಸಿದ್ಧವಾಗಿತ್ತು. ವೈದ್ಯರೊಬ್ಬರು ಸಹಲೇಖಕರಾಗದೆ ನರ್ಸ್ ಒಬ್ಬರೇ ಇಂಥ ಪುಸ್ತಕ ಬರೆಯುವುದು ಆಗ ಅತಿಯಾಯಿತೆನಿಸಿತ್ತು. ಹೀಗಾಗಿ ಯಾವುದು ಮೊದಲು ಎಂಬ ಲೆಕ್ಕದಲ್ಲಿ ಎರಡೂ ವರ್ಷಗಳನ್ನು ನೆನಪಿಡಬೇಕು.

ಹಂತಗಳ ಗೊಂದಲ ಇದಕ್ಕಿಂತ ದೊಡ್ಡದು. 1952ರ ಪುಸ್ತಕದಲ್ಲಿ ನರ್ಸ್–ರೋಗಿ ಸಂಬಂಧಕ್ಕೆ ನಾಲ್ಕು ಹಂತ: ಪರಿಚಯ, ತಾದಾತ್ಮ್ಯ, ಸದುಪಯೋಗ, ಪರಿಹಾರ. ಮುಂದೆ ಪೆಪ್ಲಾವ್ ಅವರೇ ಇವನ್ನು ಪರಿಚಯ, ಕಾರ್ಯ, ಸಮಾಪ್ತಿ ಎಂದು ಮೂರಕ್ಕೆ ಇಳಿಸಿದರು. ಪಠ್ಯಪುಸ್ತಕಗಳು ಈ ಮೂರರ ಹಿಂದೆ ‘ಭೇಟಿಪೂರ್ವ ಹಂತ’ ಸೇರಿಸಿ ಮತ್ತೆ ನಾಲ್ಕು ಮಾಡಿವೆ. ಸಂಖ್ಯೆ ಒಂದೇ ಆದ್ದರಿಂದ ಪರೀಕ್ಷೆಯಲ್ಲಿ ಒಂದು ಪಟ್ಟಿಯ ಬದಲು ಇನ್ನೊಂದನ್ನು ಬರೆಯುವುದು ಸುಲಭ.

1961ರಲ್ಲಿ ಎರಡು ಪುಸ್ತಕಗಳು ಬಂದವು. ‘ಥೆರಪ್ಯೂಟಿಕ್ ಕಮ್ಯುನಿಕೇಷನ್’ ಎಂಬ ಶೀರ್ಷಿಕೆಯದು ಮನೋವೈದ್ಯ ಯೂರ್ಗನ್ ರೂಷ್ ಅವರದು. ಇನ್ನೊಂದು ಯೇಲ್ ವಿಶ್ವವಿದ್ಯಾಲಯದ ಐಡಾ ಜೀನ್ ಆರ್ಲ್ಯಾಂಡೊ ಅವರದು. ನರ್ಸ್–ರೋಗಿಗಳ ಸುಮಾರು 2,000 ಒಡನಾಟಗಳನ್ನು ದಾಖಲಿಸಿದ ಆರ್ಲ್ಯಾಂಡೊ ಅವರಿಗೆ ಅವನ್ನು ಒಳ್ಳೆಯ ಶುಶ್ರೂಷೆ, ಕೆಟ್ಟ ಶುಶ್ರೂಷೆ ಎಂದಷ್ಟೇ ವಿಂಗಡಿಸಲು ಸಾಧ್ಯವಾಯಿತು. ಅವರ ವಾದ ಸರಳ: ನರ್ಸಿನ ಊಹೆಯನ್ನು ರೋಗಿಯೇ ಒಪ್ಪಬೇಕು. ರೋಗಿ ಮಾತ್ರೆಯನ್ನು ದೂರ ತಳ್ಳಿದರೆ ‘ಹಟಮಾರಿ’ ಎಂದು ಬರೆದುಕೊಳ್ಳುವಂತಿಲ್ಲ. ‘ನುಂಗೋಕೆ ಕಷ್ಟ ಆಗ್ತಿದೆಯಾ, ಬೇರೆ ಏನಾದ್ರೂ ಯೋಚನೆಯಾ?’ ಎಂದು ಕೇಳಬೇಕು. ಇಲ್ಲಿ ಸಂವಹನವೇ ಸ್ಥಿತಿ ನಿರ್ಧಾರ.

ಆರ್ಲ್ಯಾಂಡೊ ಹೇಳಿದ ಪ್ರಕ್ರಿಯೆಗೂ ಇಂದಿನ ‘ನರ್ಸಿಂಗ್ ಪ್ರೋಸೆಸ್’ಗೂ ನಂಟು ಕಲ್ಪಿಸುವಾಗ ಎಚ್ಚರ ಬೇಕು. ಅವರದರಲ್ಲಿ ಇರುವುದು ರೋಗಿಯ ವರ್ತನೆ, ನರ್ಸಿನ ಪ್ರತಿಕ್ರಿಯೆ, ನರ್ಸಿನ ಕ್ರಮ. ‘ನರ್ಸಿಂಗ್ ಪ್ರೋಸೆಸ್’ ಎಂಬ ಹೆಸರನ್ನು ಸಾಮಾನ್ಯವಾಗಿ 1955ರ ಲಿಡಿಯಾ ಹಾಲ್ ಅವರಿಗೆ ಸಲ್ಲಿಸಲಾಗುತ್ತದೆ. ಸ್ಥಿತಿ ನಿರ್ಧಾರ, ಯೋಜನೆ, ಕಾರ್ಯಗತಗೊಳಿಸುವಿಕೆ, ಮೌಲ್ಯಮಾಪನ ಎಂಬ ನಾಲ್ಕು ಹೆಜ್ಜೆಗಳು ಯೂರಾ ಮತ್ತು ವಾಲ್ಶ್ ಅವರ 1967ರ ಪುಸ್ತಕದಿಂದ ನೆಲೆಯೂರಿದವು. 1973ರ ಸೇಂಟ್ ಲೂಯಿಸ್ ಸಮ್ಮೇಳನದ ಬಳಿಕ ನರ್ಸಿಂಗ್ ರೋಗನಿರ್ಣಯ ಬೇರೊಂದು ಹೆಜ್ಜೆಯಾಗಿ ಬೇರೂರಿತು. ಮಾರ್ಜೊರಿ ಗಾರ್ಡನ್ ಅವರ 11 ಆರೋಗ್ಯ ವಿನ್ಯಾಸಗಳು ನಿದ್ದೆ, ಆಹಾರ, ವಿಸರ್ಜನೆ, ಸಂಬಂಧ, ನಂಬಿಕೆ ಮೊದಲಾದವನ್ನು ಪ್ರಶ್ನಾವಳಿಯ ಚೌಕಟ್ಟಿಗೆ ತಂದವು. ಫಾರಂನಿಂದ ಯಾವುದೂ ಬಿಟ್ಟುಹೋಗದಂತಾಯಿತು ನಿಜ. ಆದರೆ ಖಾನೆ ತುಂಬುವ ಆತುರದಲ್ಲಿ ನರ್ಸಿನ ಕಣ್ಣು ರೋಗಿಯ ಮುಖ ಬಿಟ್ಟು ಕಾಗದದ ಮೇಲೆ ಉಳಿಯುವ ಅಪಾಯವೂ ಬಂತು.

ಭಾರತದಲ್ಲಿ ಈ ಕಲಿಕೆ ಬೇರೂರಿದ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. 1954ರಲ್ಲಿ ಇಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ (ಇಂದಿನ ನಿಮ್ಹಾನ್ಸ್) ಅದೇ ದಶಕದಲ್ಲಿ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾ ಶುರುಮಾಡಿತು. ಇಂದು ಮನೋವೈದ್ಯಕೀಯ ವಾರ್ಡಿಗೆ ಪೋಸ್ಟಿಂಗ್ ಹೋಗುವ ನರ್ಸಿಂಗ್ ವಿದ್ಯಾರ್ಥಿಗಳು ‘ಪ್ರೋಸೆಸ್ ರೆಕಾರ್ಡಿಂಗ್’ ಬರೆಯುತ್ತಾರೆ: ರೋಗಿ ಅಂದದ್ದು, ತಾವು ಅಂದದ್ದು, ಬಳಸಿದ ತಂತ್ರ, ತಮಗೆ ಹೊಳೆದ ಅರ್ಥ. ಪೆಪ್ಲಾವ್, ಆರ್ಲ್ಯಾಂಡೊ ಇಬ್ಬರೂ ಪಾಠಕ್ಕೆ ನೆಚ್ಚಿಕೊಂಡಿದ್ದ ಉಪಕರಣ ಇದೇ. ರೋಗಿ ಸುಮ್ಮನಿದ್ದರೆ ಆ ಮೌನವನ್ನೂ ಅಲ್ಲಿ ನಮೂದಿಸಬೇಕು.