ಪವನ ವಿದ್ಯುತ್ತು ಮತ್ತು ಗ್ರಿಡ್ ಆಂದೋಲನ: ಇತಿಹಾಸ

ದೂರ ದೂರದ ಜನರೇಟರುಗಳು ಒಂದೇ ಗ್ರಿಡ್‌ಗೆ ಸೇರಿದಾಗ ಅವುಗಳ ರೋಟರುಗಳು ಪರಸ್ಪರ ಎದುರುಬದುರಾಗಿ ನಿಧಾನಕ್ಕೆ ಓಲಾಡುವುದುಂಟು. ಆಗ ನಡುವಿನ ಪ್ರಸರಣ ಮಾರ್ಗದಲ್ಲಿ ಹರಿಯುವ ವಿದ್ಯುತ್ತು ತೊಟ್ಟಿಲಿನಂತೆ ತೂಗುತ್ತದೆ. ಇದೇ ಕಡಿಮೆ ಆವರ್ತನದ ಆಂದೋಲನ, ಸಾಮಾನ್ಯವಾಗಿ 0.1ರಿಂದ 2 ಹರ್ಟ್ಜ್. ಅದನ್ನು ಅಡಗಿಸುವ ಗುಣಕ್ಕೆ ಅವಮಂದನ ಎನ್ನುತ್ತಾರೆ. ಅದು ಸಾಲದೆ ಹೋದರೆ ತೂಗಾಟ ಬೆಳೆದು ಗ್ರಿಡ್ಡೇ ಒಡೆಯಬಹುದು.

ಗಾಳಿಯಂತ್ರಗಳಿಗಿಂತ ಬಹಳ ಹಿಂದಿನ ಸಮಸ್ಯೆ ಇದು. ವೋಲ್ಟೇಜನ್ನು ಥಟ್ಟನೆ ಸರಿಪಡಿಸುವ ನಿಯಂತ್ರಕಗಳು ಜನರೇಟರುಗಳಿಗೆ ಬಂದಾಗ ಅವೇ ಅವಮಂದನವನ್ನು ತಗ್ಗಿಸಿದವು. ಇದು ಹೇಗೆ ಎಂಬುದನ್ನು ಡಿಮೆಲ್ಲೊ ಮತ್ತು ಕಾಂಕಾರ್ಡಿಯಾ 1969ರ ಪ್ರಬಂಧದಲ್ಲಿ ಬಿಡಿಸಿ ತೋರಿಸಿದರು. ಆ ನಿಯಂತ್ರಕಗಳಿಗೆ ತೂಗಾಟ ತಗ್ಗಿಸುವ ಸಂಕೇತವನ್ನು ಸೇರಿಸುವ ಪವರ್ ಸಿಸ್ಟಮ್ ಸ್ಟೆಬಿಲೈಸರ್ ಎಂಬ ಪರಿಹಾರಕ್ಕೆ ಭದ್ರ ಬುನಾದಿ ಸಿಕ್ಕಿದ್ದು ಅದರಿಂದ.

ಗ್ರಿಡ್ ಹೇಗೆ ವರ್ತಿಸುತ್ತದೆಂದು ಮುಂದಾಗಿ ಹೇಳುವ ಕಂಪ್ಯೂಟರ್ ಲೆಕ್ಕಾಚಾರದ ಮೇಲಿನ ನಂಬಿಕೆ ಅಲುಗಿದ್ದು 1996ರ ಆಗಸ್ಟ್ 10ರಂದು, ಅಮೆರಿಕದ ಪಶ್ಚಿಮ ಗ್ರಿಡ್‌ನಲ್ಲಿ. ಮಧ್ಯಾಹ್ನ ಒರೆಗಾನ್‌ನ ಕೀಲರ್–ಆಲ್ಸ್ಟನ್ ಮಾರ್ಗದ ತಂತಿ ಜೋತುಬಿದ್ದು ಮರಕ್ಕೆ ತಗುಲಿ ಟ್ರಿಪ್ ಆಯಿತು. ಕೆಲವೇ ನಿಮಿಷಗಳಲ್ಲಿ ಮೆಕ್‌ನೇರಿ ಜಲವಿದ್ಯುತ್ ಕೇಂದ್ರದ ಘಟಕಗಳು ಒಂದೊಂದಾಗಿ ನಿಂತವು. ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮಾರ್ಗದಲ್ಲಿ ಸುಮಾರು ನಾಲ್ಕು ಸೆಕೆಂಡಿಗೊಂದರಂತೆ ಎದ್ದ ತೂಗಾಟ ಬೆಳೆಯುತ್ತಲೇ ಹೋಯಿತು. ಗ್ರಿಡ್ ನಾಲ್ಕು ಹೋಳಾಗಿ, ಸುಮಾರು 75 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಆಮೇಲೆ ಅದೇ ಘಟನೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದರೆ, ಅಂದು ಬಳಕೆಯಲ್ಲಿದ್ದ ಮಾದರಿ ತೂಗಾಟ ತಾನಾಗಿ ಅಡಗುತ್ತದೆಂದೇ ತೋರಿಸಿತು! ಮಾದರಿಗಳನ್ನು ಅಳತೆಗೆ ಹಚ್ಚಿ ನೋಡುವ ಶಿಸ್ತು ಅಲ್ಲಿಂದ ಬಲಗೊಂಡಿತು. ಫಾಡ್ಕೆ ಮತ್ತು ಥಾರ್ಪ್ 1988ರ ಹೊತ್ತಿಗೆ ರೂಪಿಸಿದ್ದ ಫೇಸರ್ ಅಳತೆ ಸಾಧನಕ್ಕೂ (ದೂರ ದೂರದ ಕೇಂದ್ರಗಳ ವೋಲ್ಟೇಜ್ ಅಲೆಗಳನ್ನು ಒಂದೇ ಕಾಲಕ್ಕೆ ಹೊಂದಿಸಿ ಅಳೆಯುವ ಸಾಧನ) ಬೆಲೆ ಬಂತು.

ಗಾಳಿಯಂತ್ರಗಳು ಹೆಚ್ಚಿದಂತೆ ಪ್ರಶ್ನೆ ಬದಲಾಯಿತು: ಅವು ಅವಮಂದನವನ್ನು ಹೆಚ್ಚಿಸುತ್ತವೆಯೋ, ತಗ್ಗಿಸುತ್ತವೆಯೋ? ಹಳೆಯ ಸ್ಥಿರವೇಗದ ಯಂತ್ರಗಳ ಇಂಡಕ್ಷನ್ ಜನರೇಟರುಗಳು ಗ್ರಿಡ್‌ನ ಲಯಕ್ಕೆ ಬಿಗಿಯಾಗಿ ಕಟ್ಟುಬಿದ್ದವಲ್ಲ. ಅವು ತೂಗಾಟವನ್ನು ತಕ್ಕಮಟ್ಟಿಗೆ ತಗ್ಗಿಸುತ್ತವೆ. ಸ್ಲೂಟ್‌ವೆಗ್ ಮತ್ತು ಕ್ಲಿಂಗ್ 2003ರಲ್ಲಿ ಪವನ ವಿದ್ಯುತ್ತಿನಿಂದ ಅವಮಂದನ ಒಟ್ಟಾರೆ ಸುಧಾರಿಸುತ್ತದೆ ಎಂದರು. ರೋಟರಿಗೆ ಕನ್ವರ್ಟರ್ (ವಿದ್ಯುತ್ತಿನ ಆವರ್ತನ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಜೋಡಿಸಿದ, ವೇಗ ಬದಲಿಸಬಲ್ಲ ಡಬ್ಲಿ ಫೆಡ್ ಯಂತ್ರಗಳಿಗೆಂದೇ ಒಂದು ಸ್ಟೆಬಿಲೈಸರನ್ನು ಹ್ಯೂಸ್ ಮತ್ತು ಸಂಗಡಿಗರು 2006ರಲ್ಲಿ ಮುಂದಿಟ್ಟರು. ಗೌತಮ್, ವಿಟ್ಟಲ್ ಮತ್ತು ಹಾರ್ಬರ್ ಅವರ 2009ರ ಅಧ್ಯಯನದಲ್ಲಿ ಒಳಿತು ಕೆಡುಕು ಎರಡೂ ಕಂಡವು. ಈ ಕೊನೆಯ ಮಾತೇ ಹೆಚ್ಚು ನಿಜ: ಯಂತ್ರ ಎಲ್ಲಿದೆ, ಯಾವ ಜನರೇಟರಿನ ಜಾಗ ಹಿಡಿದಿದೆ, ನಿಯಂತ್ರಣ ಹೇಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನೂ ವೇಗದ ಆಂದೋಲನಗಳಿಗೆ ಗಾಳಿಯಂತ್ರಗಳ ನಿಯಂತ್ರಣವೇ ಕಾರಣವಾಯಿತು. 2009ರಲ್ಲಿ ಟೆಕ್ಸಾಸ್‌ನಲ್ಲಿ ಒಂದು ಮಾರ್ಗ ಟ್ರಿಪ್ ಆಗಿ, ಗಾಳಿಯಂತ್ರಗಳು ಹೆಚ್ಚು ವಿದ್ಯುತ್ತು ಸಾಗಿಸಲೆಂದು ಸೀರೀಸ್ ಕೆಪಾಸಿಟರ್ ಜೋಡಿಸಿದ್ದ ಮಾರ್ಗಕ್ಕೆ ಮಾತ್ರ ಜೋತುಬಿದ್ದವು. ಎದ್ದ ಆಂದೋಲನಕ್ಕೆ ಉಪಕರಣಗಳು ಕೆಟ್ಟವು. 2019ರ ಆಗಸ್ಟ್ 9ರಂದು ಇಂಗ್ಲೆಂಡಿನ ಹಾರ್ನ್‌ಸೀ ಕಡಲ ಪವನ ಸ್ಥಾವರ ಸಿಡಿಲಿನ ಅಡಚಣೆಯ ಬೆನ್ನಲ್ಲೇ 737 ಮೆಗಾವಾಟ್ ಕಳೆದುಕೊಂಡಿತು. ಹತ್ತು ನಿಮಿಷ ಮೊದಲೇ ಅಲ್ಲಿ ಸಣ್ಣ ತೂಗಾಟ ಕಾಣಿಸಿಕೊಂಡಿತ್ತು. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ 2020ರ ಗ್ರಿಡ್ ಸ್ಥಿರತೆಯ ವರ್ಗೀಕರಣದಲ್ಲಿ ಕನ್ವರ್ಟರ್‌ನಿಂದ ಹುಟ್ಟುವ ಅಸ್ಥಿರತೆಗೆ ಪ್ರತ್ಯೇಕ ಜಾಗ ದೊರೆಯಿತು.

ಭಾರತದಲ್ಲಿ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿತು. ಇಷ್ಟು ಉದ್ದದ ಜಾಲದಲ್ಲಿ ಅವಮಂದನದ ಮೇಲೆ ಕಣ್ಣಿಡದೆ ಗತಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಆರ್. ಪಡಿಯಾರ್ ಅವರ ಗ್ರಂಥಗಳು ಈ ವಿಷಯದಲ್ಲಿ ಎಂಜಿನಿಯರುಗಳ ತಲೆಮಾರುಗಳನ್ನೇ ತಯಾರು ಮಾಡಿವೆ. ಆದರೆ ಗಾಳಿಯಂತ್ರದ ನಿಯಂತ್ರಣ ಸಾಫ್ಟ್‌ವೇರನ್ನು ತಯಾರಕರು ಇಂದಿಗೂ ಹೆಚ್ಚಾಗಿ ಗುಟ್ಟಾಗಿಯೇ ಇಡುತ್ತಾರೆ. ಸ್ಥಾವರಕ್ಕೆ ಗ್ರಿಡ್ ಸಂಪರ್ಕ ಕೊಡುವ ಮೊದಲೇ ಅದರ ನಿಜವಾದ ಮಾದರಿಯನ್ನು ಗ್ರಿಡ್ ನಿರ್ವಾಹಕರು ಕೇಳಿ ಪಡೆಯಬೇಕು, ಅಳತೆಯೊಂದಿಗೆ ಹೋಲಿಸಿ ನೋಡಬೇಕು.