ಹೈನ್ರಿಕ್ ಘಟನೆಗಳು: ಹಿಮಯುಗದ ಹಿಮಬಂಡೆಗಳು ಮತ್ತು ಭೂಮಿಯ ಹವಾಮಾನ

ಹೈನ್ರಿಕ್ ಘಟನೆಗಳು ಎಂದರೆ ಕಳೆದ ಹಿಮಯುಗದಲ್ಲಿ, ಇಂದಿಗೆ ಸುಮಾರು 60,000 ವರ್ಷಗಳಿಂದ 16,000 ವರ್ಷಗಳ ಹಿಂದಿನವರೆಗಿನ ಅವಧಿಯಲ್ಲಿ, ಮುಖ್ಯವಾಗಿ ಉತ್ತರ ಅಮೆರಿಕವನ್ನು ಮುಚ್ಚಿದ್ದ ಹಿಮಹಾಸಿನಿಂದ ಒಡೆದ ಹಿಮಬಂಡೆಗಳು ಅಪಾರ ಸಂಖ್ಯೆಯಲ್ಲಿ ಉತ್ತರ ಅಟ್ಲಾಂಟಿಕ್ ಸಾಗರಕ್ಕೆ ನುಗ್ಗಿ ಕರಗಿದ ಆರು ಸಂದರ್ಭಗಳು. ಹಿಮಹಾಸು ಎಂಬುದು ಒಂದು ಖಂಡದ ಬಹುಭಾಗದ ಮೇಲೆ ಹರಡಿಕೊಂಡು, ತನ್ನ ಭಾರಕ್ಕೆ ತಾನೇ ಅಂಚಿನ ಕಡೆಗೆ ನಿಧಾನವಾಗಿ ಸರಿಯುವ ನೀರ್ಗಲ್ಲಿನ ರಾಶಿ. ಅದರ ಅಂಚು ಕಡಲನ್ನು ಮುಟ್ಟಿದಲ್ಲಿ ಮುರಿದು ತೇಲುವ ತುಂಡೇ ಹಿಮಬಂಡೆ. ಹಿಮಬಂಡೆ ಕಡಲಲ್ಲಿ ತೇಲಿದರೂ ಅದರ ನೀರು ಸಿಹಿನೀರು, ಮತ್ತು ಅದರ ಬುಡದಲ್ಲಿ ತಾನು ಉಜ್ಜಿಕೊಂಡು ಬಂದ ನೆಲದ ಕಲ್ಲು, ಮರಳು, ಮಣ್ಣು ಹುದುಗಿರುತ್ತವೆ. ಈ ಘಟನೆಗಳ ಬಗ್ಗೆ ಇಂದು ತಿಳಿದಿರುವುದೆಲ್ಲ ಈ ಎರಡು ಗುಣಗಳಿಂದ ಹುಟ್ಟಿದ್ದು: ಕಡಲ ತಳಕ್ಕೆ ಉದುರಿದ ಕಲ್ಲು ಘಟನೆಯ ಸಾಕ್ಷಿಯಾಗಿ ಉಳಿಯಿತು, ಮೇಲ್ಮೈಯಲ್ಲಿ ಬೆರೆತ ಸಿಹಿನೀರು ಅದರ ಪರಿಣಾಮವನ್ನು ಭೂಮಿಯ ಇನ್ನೊಂದು ತುದಿಗೆ ಮುಟ್ಟಿಸಿತು.

ಹಿಮಬಂಡೆಗಳು ಕಲ್ಲನ್ನು ಹೊತ್ತು ದೂರ ಸಾಗುತ್ತವೆ ಎಂಬ ವಿಚಾರ ಹಳೆಯದು. ಸುತ್ತಲಿನ ಶಿಲೆಗೆ ಯಾವ ಸಂಬಂಧವೂ ಇಲ್ಲದ ದೊಡ್ಡ ಬಂಡೆಗಳು ಯುರೋಪಿನ ಬಯಲುಗಳಲ್ಲಿ ಬಿದ್ದಿರುವುದಕ್ಕೆ ಕಾರಣ ಹುಡುಕುತ್ತಿದ್ದ 19ನೆಯ ಶತಮಾನದ ಪೂರ್ವಾರ್ಧದ ಭೂವಿಜ್ಞಾನಿಗಳಲ್ಲಿ ಪ್ರಮುಖರಾದ ಚಾರ್ಲ್ಸ್ ಲಯೆಲ್, ಆ ಬಯಲುಗಳು ಹಿಂದೊಮ್ಮೆ ಕಡಲಡಿಯಲ್ಲಿದ್ದವೆಂದೂ ತೇಲಿ ಬಂದ ಹಿಮಬಂಡೆಗಳು ಕರಗಿದಾಗ ಕಲ್ಲುಗಳು ಅಲ್ಲಿ ಬಿದ್ದವೆಂದೂ ವಾದಿಸಿದರು. 1840ರಲ್ಲಿ ಲೂಯಿ ಅಗಾಸಿ ತಮ್ಮ ಗ್ರಂಥದಲ್ಲಿ, ಆ ಬಂಡೆಗಳನ್ನು ತಂದದ್ದು ಕಡಲಲ್ಲ, ನೆಲದ ಮೇಲೆಯೇ ಹಬ್ಬಿದ್ದ ಹಿಮ ಎಂದು ಪ್ರತಿಪಾದಿಸಿದ ಮೇಲೆ ಲಯೆಲ್ ಅವರ ವಿವರಣೆ ಕ್ರಮೇಣ ಹಿಂದೆ ಸರಿಯಿತು. ನೆಲದ ಮೇಲೆ ಸೋತ ಆ ವಿವರಣೆಗೆ ನೂರು ವರ್ಷಗಳ ನಂತರ ಕಡಲ ತಳದಲ್ಲಿ ನೆಲೆ ಸಿಕ್ಕಿತು. 1936ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ತಂತಿ ಹಾಕುವ ಹಡಗು ನ್ಯೂಫೌಂಡ್‌ಲ್ಯಾಂಡ್ ಮತ್ತು ಐರ್ಲೆಂಡ್ ನಡುವಿನ ಸಾಗರದಲ್ಲಿ, ಸಿಡಿಮದ್ದಿನ ಬಲದಿಂದ ತಳಕ್ಕೆ ನಾಟುವ ಕೊಳವೆಯನ್ನು ಬಳಸಿ ಹೂಳಿನ ಉದ್ದುದ್ದ ಕಂಬಗಳನ್ನು ಮೇಲೆತ್ತಿತು. ಇಂಥ ಕಂಬಕ್ಕೆ ಭೂವಿಜ್ಞಾನದಲ್ಲಿ ಕೋರ್ ಎಂಬ ಹೆಸರಿದೆ. ಅವುಗಳನ್ನು ಪರೀಕ್ಷಿಸಿದ ಅಮೆರಿಕದ ಬ್ರಾಮ್ಲೆಟ್ ಮತ್ತು ಬ್ರಾಡ್ಲಿ, ನುಣ್ಣನೆಯ ಹೂಳಿನ ನಡುವೆ ನೆಲದಿಂದ ಬಂದ ಕಲ್ಲುಹರಳುಗಳ ಪದರಗಳಿರುವುದನ್ನು 1940ರ ದಶಕದ ಆರಂಭದಲ್ಲಿ ವರದಿ ಮಾಡಿ, ಅವು ತೇಲುವ ಹಿಮದಿಂದ ಉದುರಿದವೆಂದು ಗುರುತಿಸಿದರು. 1977ರಲ್ಲಿ ವಿಲಿಯಂ ರಡ್ಡಿಮನ್ ಉತ್ತರ ಅಟ್ಲಾಂಟಿಕಿನ ಅನೇಕ ಕೋರುಗಳಲ್ಲಿ ಇಂಥ ಮರಳಿನ ಪ್ರಮಾಣವನ್ನು ಅಳೆದು, ಅದು ಸಾಗರದ ನಡುವೆ ಅಡ್ಡಲಾಗಿ ಚಾಚಿರುವ ಒಂದು ಪಟ್ಟಿಯಲ್ಲಿ ದಟ್ಟವಾಗಿದೆ ಎಂದು ತೋರಿಸಿದರು. ಹಿಮಬಂಡೆಗಳ ಸಾಲು ಕರಗುತ್ತಿದ್ದ ಈ ಪ್ರದೇಶಕ್ಕೆ ಮುಂದೆ ರಡ್ಡಿಮನ್ ಪಟ್ಟಿ ಎಂಬ ಹೆಸರೇ ನಿಂತಿತು.

ಜರ್ಮನಿಯ ಕಡಲ ಭೂವಿಜ್ಞಾನಿ ಹಾರ್ಟ್‌ಮುಟ್ ಹೈನ್ರಿಕ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಈ ತಿಳಿವಳಿಕೆಗೆ ಕಾಲದ ಲೆಕ್ಕವನ್ನು ತಂದಿತು. ಈಶಾನ್ಯ ಅಟ್ಲಾಂಟಿಕಿನ ಡ್ರೈಝಾಕ್ ಎಂಬ ಮುಳುಗುಗುಡ್ಡದ ಸುತ್ತಲಿನ ಕೋರುಗಳಲ್ಲಿ ಅವರು ಮರಳಿನ ಗಾತ್ರದ ಕಣಗಳನ್ನು ಎಣಿಸಿದರು. ಹಿಮಯುಗದ ಹೂಳಿನಲ್ಲಿ ಸಾಮಾನ್ಯವಾಗಿ ಇಂಥ ಕಣಗಳಲ್ಲಿ ಹೆಚ್ಚಿನವು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳು. ಆದರೆ ಕೆಲವು ಪದರಗಳಲ್ಲಿ ಚಿಪ್ಪು ಬಹುಮಟ್ಟಿಗೆ ಮಾಯವಾಗಿ, ಅದರ ಸ್ಥಾನವನ್ನು ನೆಲದ ಕಲ್ಲಿನ ಚೂರುಗಳು ತುಂಬಿದ್ದವು. ಅಲ್ಪಸ್ವಲ್ಪ ಉಳಿದ ಚಿಪ್ಪುಗಳಲ್ಲಿಯೂ ಬಹುಪಾಲು ಎಡಕ್ಕೆ ಸುರುಳಿ ಸುತ್ತುವ ಒಂದೇ ಪ್ರಭೇದದವು. ಅದು ಇಂದು ಧ್ರುವದ ಕಡಲುಗಳಲ್ಲಿ ಮಾತ್ರ ಹೇರಳವಾಗಿರುವ ಜೀವಿ. ಭೂಮಿಯ ಅಕ್ಷ ಬುಗುರಿಯಂತೆ ತೊನೆಯುವ ಆವರ್ತದ ಅರ್ಧಕ್ಕೆ ಸರಿಯಾಗಿ, ಅಂದರೆ ಸುಮಾರು 11,000 ವರ್ಷಗಳಿಗೊಮ್ಮೆ, ಈ ಪದರಗಳು ಮರುಕಳಿಸುತ್ತವೆ ಎಂದು ಹೈನ್ರಿಕ್ ಭಾವಿಸಿದ್ದರು. ಅವರು ಹೇಳಿದ ಕಾಲಚಕ್ರ ಮುಂದಿನ ಸಂಶೋಧನೆಯಲ್ಲಿ ಉಳಿಯಲಿಲ್ಲ. ಅವರು ಎಣಿಸಿದ ಪದರಗಳು ಉಳಿದವು, ಮತ್ತು ತಾಳ್ಮೆಯಿಂದ ಕಣ ಎಣಿಸಿದ ಆ ಕೆಲಸಕ್ಕೆ ಅವರ ಹೆಸರು ಅಂಟಿದ್ದು ನ್ಯಾಯವೇ ಆಗಿದೆ.

ಆ ಹೆಸರನ್ನು ರೂಢಿಗೆ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಾಲೇಸ್ ಬ್ರೋಕರ್ ಮತ್ತು ಜೆರಾರ್ಡ್ ಬಾಂಡ್. 1992ರಲ್ಲಿ ಅವರ ತಂಡಗಳು ಆಳ ಸಮುದ್ರ ಕೊರೆತ ಯೋಜನೆಯ 609ನೆಯ ತಾಣದ ಕೋರಿನಲ್ಲಿಯೂ ಇತರ ಕೋರುಗಳಲ್ಲಿಯೂ ಅದೇ ಪದರಗಳನ್ನು ಕಂಡು, ಹೊಸದರಿಂದ ಹಳೆಯದಕ್ಕೆ ಹೋಗುವಂತೆ ಎಚ್1ರಿಂದ ಎಚ್6ರವರೆಗೆ ಅಂಕಿತಗಳನ್ನು ನೀಡಿದವು. ಇವುಗಳ ಕಾಲ ಕ್ರಮವಾಗಿ ಇಂದಿಗೆ ಸುಮಾರು 16,500, 24,000, 30,000, 38,500, 45,500 ಮತ್ತು 60,000 ವರ್ಷಗಳ ಹಿಂದಿನದು. ಕಾಲ ನಿರ್ಣಯದ ವಿಧಾನಕ್ಕೆ ತಕ್ಕಂತೆ ಈ ಅಂಕಿಗಳು ಸಾವಿರ ವರ್ಷ ಆಚೀಚೆ ಸರಿಯುವುದುಂಟು. ಪದರಗಳೊಳಗಿನ ಕಲ್ಲಿನ ಗುಣ ಇನ್ನೂ ಹೆಚ್ಚಿನದನ್ನು ಹೇಳಿತು. ಅವುಗಳಲ್ಲಿ ಸುಣ್ಣಕಲ್ಲು ಮತ್ತು ಡೋಲಮೈಟಿನ ಚೂರುಗಳು ಹೇರಳವಾಗಿದ್ದವು. ಅಟ್ಲಾಂಟಿಕಿನ ಉತ್ತರ ದಂಡೆಯಲ್ಲಿ ಇಂಥ ಶಿಲೆ ದೊಡ್ಡ ಪ್ರಮಾಣದಲ್ಲಿ ಹಾಸಿಕೊಂಡಿರುವುದು ಕೆನಡಾದ ಹಡ್ಸನ್ ಕೊಲ್ಲಿಯ ತಳದಲ್ಲಿ ಮತ್ತು ಅದನ್ನು ಸಾಗರಕ್ಕೆ ಸೇರಿಸುವ, ಸುಮಾರು 750 ಕಿ.ಮೀ. ಉದ್ದದ ಹಡ್ಸನ್ ಜಲಸಂಧಿಯಲ್ಲಿ. ಜಲಸಂಧಿಯ ಬಾಯಿಗೆ ಹತ್ತಿರವಾದ ಲಾಬ್ರಡಾರ್ ಸಮುದ್ರದಲ್ಲಿ ಪದರ ಅರ್ಧ ಮೀಟರಿಗೂ ದಪ್ಪವಾಗಿದ್ದು, ಪೂರ್ವಕ್ಕೆ ಹೋದಂತೆ ತೆಳುವಾಗುತ್ತ 3,000 ಕಿ.ಮೀ. ಆಚೆ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಎಚ್3 ಮತ್ತು ಎಚ್6 ಮಾತ್ರ ಈ ಮಾದರಿಗೆ ಪೂರ್ತಿ ಹೊಂದುವುದಿಲ್ಲ. ಅವುಗಳಲ್ಲಿ ಹಡ್ಸನ್ ಕೊಲ್ಲಿಯ ಸುಣ್ಣಕಲ್ಲು ಕಡಿಮೆ. ಹಿಮಬಂಡೆಗಳು ಎಷ್ಟು ದೂರ ಹೋದವೆಂಬುದಕ್ಕೆ ಸಾಕ್ಷಿ ಹೂಳಿನಲ್ಲಿ ಮಾತ್ರವಿಲ್ಲ: ಅಮೆರಿಕದ ದಕ್ಷಿಣ ಕ್ಯಾರೊಲಿನಾದಿಂದ ಫ್ಲಾರಿಡಾದ ತುದಿಯವರೆಗಿನ ಕಡಲ ತಳದಲ್ಲಿ, ತೇಲುವ ಹಿಮಬಂಡೆಗಳ ಬುಡ ನೆಲಕ್ಕೆ ತಾಗಿ ನೇಗಿಲಿನಂತೆ ಗೀರಿದ ಸಾಲುಗಳನ್ನು ಸಂಶೋಧಕರು 2014ರಲ್ಲಿ ವಿವರಿಸಿದರು.

ಇಷ್ಟು ಹಿಮ ಏಕೆ ಒಮ್ಮೆಲೇ ಜಾರಿತು ಎಂಬ ಪ್ರಶ್ನೆಗೆ 1993ರಲ್ಲಿ ಡಗ್ಲಾಸ್ ಮಕಾಯಲ್ ಕೊಟ್ಟ ಉತ್ತರ ಬಹುಕಾಲ ಮಾನ್ಯವಾಗಿತ್ತು. ಉತ್ತರ ಅಮೆರಿಕವನ್ನು ಮುಚ್ಚಿದ್ದ ಆ ಕಾಲದ ಲಾರೆಂಟೈಡ್ ಹಿಮಹಾಸು ತನ್ನ ಗುಮ್ಮಟಗಳಲ್ಲಿ ಸುಮಾರು 3 ಕಿ.ಮೀ. ದಪ್ಪವಿತ್ತು. ದಪ್ಪನೆಯ ಹಿಮ ಕಂಬಳಿಯಂತೆ ಕೆಲಸ ಮಾಡುವುದರಿಂದ ಭೂಗರ್ಭದಿಂದ ಸದಾ ಹೊಮ್ಮುವ ಅಲ್ಪ ಶಾಖವೂ ಅದರ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಮ ಬೆಳೆದಷ್ಟೂ ಬುಡ ಬೆಚ್ಚಗಾಗಿ, ಕೊನೆಗೆ ಕರಗುವ ಮಟ್ಟ ಮುಟ್ಟುತ್ತದೆ. ಆಗ ಕೆಳಗಿನ ಮೆತ್ತನೆಯ ಮಣ್ಣು ಕೆಸರಾಗಿ, ಅದರ ಮೇಲೆ ಹಿಮ ವೇಗವಾಗಿ ಜಾರಿ ಜಲಸಂಧಿಯ ಮೂಲಕ ಕಡಲಿಗೆ ಬೀಳುತ್ತದೆ. ಹೀಗೆ ಹಿಮಹಾಸು ತೆಳುವಾದ ಮೇಲೆ ಮೇಲಿನ ಚಳಿ ಬುಡಕ್ಕೆ ಇಳಿದು ಅದು ಮತ್ತೆ ನೆಲಕ್ಕೆ ಹೆಪ್ಪುಗಟ್ಟುತ್ತದೆ, ಬೆಳವಣಿಗೆ ಮತ್ತೆ ಮೊದಲಾಗುತ್ತದೆ. ಈ ತುಂಬುವ ಮತ್ತು ಸುರಿಯುವ ಆವರ್ತಕ್ಕೆ ಸುಮಾರು 7,000 ವರ್ಷ ಹಿಡಿಯುತ್ತದೆಂದು ಮಕಾಯಲ್ ಲೆಕ್ಕ ಹಾಕಿದರು. ಪದರಗಳ ನಡುವಣ ಅಂತರಕ್ಕೆ ಅದು ಚೆನ್ನಾಗಿ ಹೊಂದಿತು. ಇದರ ಸೊಗಸು ಇರುವುದು ಹವಾಮಾನದ ಯಾವ ಪ್ರೇರಣೆಯನ್ನೂ ಬೇಡದೆ ಹಿಮ ತನ್ನೊಳಗಿನ ನಿಯಮದಿಂದಲೇ ನಡೆಯುತ್ತದೆ ಎಂಬುದರಲ್ಲಿ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ ಎಂಬುದು ಮುಂದೆ ತಿಳಿಯಿತು.

ಹಿಮಬಂಡೆಗಳ ಪರಿಣಾಮ ಇಡೀ ಭೂಮಿಗೆ ಹರಡಿದ್ದು ಸಾಗರದ ಪರಿಚಲನೆಯ ಮೂಲಕ. ಉಷ್ಣವಲಯದ ಬೆಚ್ಚಗಿನ ಉಪ್ಪುನೀರು ಅಟ್ಲಾಂಟಿಕಿನ ಮೇಲ್ಮೈಯಲ್ಲಿ ಉತ್ತರಕ್ಕೆ ಹರಿದು, ಶಾಖವನ್ನು ಗಾಳಿಗೆ ಕೊಟ್ಟು ತಣ್ಣಗಾಗಿ, ಭಾರ ಹೆಚ್ಚಿ ಆಳಕ್ಕೆ ಮುಳುಗಿ, ತಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಉಪ್ಪಿಲ್ಲದ ಕರಗುನೀರು ಹಗುರವಾದುದರಿಂದ ಮೇಲ್ಮೈಯಲ್ಲಿ ಮುಚ್ಚಳದಂತೆ ಹರಡಿಕೊಂಡು ಈ ಮುಳುಗುವಿಕೆಯನ್ನು ತಡೆಯುತ್ತದೆ. ಪರಿಚಲನೆ ಬಲವಾಗಿ ನಡೆಯುವ ಸ್ಥಿತಿಯಂತೆಯೇ ದುರ್ಬಲವಾಗಿ ನಿಲ್ಲುವ ಇನ್ನೊಂದು ಸ್ಥಿರ ಸ್ಥಿತಿಯೂ ಸಾಧ್ಯವೆಂದು ಹೆನ್ರಿ ಸ್ಟಾಮೆಲ್ 1961ರಲ್ಲಿಯೇ ಸರಳ ಗಣಿತದಿಂದ ತೋರಿಸಿದ್ದರು. ಎಚ್1ರ ಕಾಲದಲ್ಲಿ ಹೀಗೆಯೇ ಆಯಿತೆಂಬುದಕ್ಕೆ ಜೆರಿ ಮಕ್‌ಮ್ಯಾನಸ್ ಮತ್ತು ಸಂಗಡಿಗರು 2004ರಲ್ಲಿ ಬರ್ಮುಡಾ ಬಳಿಯ ಕೋರಿನಿಂದ ಪುರಾವೆ ಒದಗಿಸಿದರು. ಕಡಲ ನೀರಿನಲ್ಲಿ ಕರಗಿರುವ ಯುರೇನಿಯಂ ಕ್ಷಯಿಸಿ ಪ್ರೊಟಾಕ್ಟಿನಿಯಂ ಮತ್ತು ಥೋರಿಯಂಗಳನ್ನು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹುಟ್ಟಿಸುತ್ತದೆ. ಥೋರಿಯಂ ಹುಟ್ಟಿದಲ್ಲಿಯೇ ಬೇಗ ತಳಕ್ಕಿಳಿದರೆ, ಪ್ರೊಟಾಕ್ಟಿನಿಯಂ ನೀರಿನಲ್ಲಿ ಹೆಚ್ಚು ಕಾಲ ಉಳಿದು ಪ್ರವಾಹದೊಡನೆ ಅಟ್ಲಾಂಟಿಕಿನಿಂದ ಹೊರಕ್ಕೆ ಸಾಗುತ್ತದೆ. ಆದ್ದರಿಂದ ಹೂಳಿನಲ್ಲಿ ಪ್ರೊಟಾಕ್ಟಿನಿಯಂ ಕಡಿಮೆಯಿದ್ದರೆ ಪ್ರವಾಹ ಬಲವಾಗಿತ್ತೆಂದು ಅರ್ಥ. ಎಚ್1ರ ಹೂಳಿನಲ್ಲಿ ಈ ಎರಡರ ಪ್ರಮಾಣ ಹುಟ್ಟಿನ ಪ್ರಮಾಣವನ್ನೇ ಬಹುತೇಕ ಮುಟ್ಟಿತ್ತು. ಪರಿಚಲನೆ ಬಹುಮಟ್ಟಿಗೆ ನಿಂತಿತ್ತೆಂದು ಆ ಸಂಶೋಧಕರು ತೀರ್ಮಾನಿಸಿದರು. ಎಲ್ಲ ಘಟನೆಗಳಲ್ಲಿಯೂ ಅದು ಇದೇ ಮಟ್ಟಿಗೆ ಕುಗ್ಗಿತೆಂದು ಹೇಳಲಾಗದು.

ಉತ್ತರಕ್ಕೆ ಹೋಗದ ಶಾಖ ದಕ್ಷಿಣದಲ್ಲಿ ಉಳಿಯಿತು. ಗ್ರೀನ್‌ಲೆಂಡ್ ಕೊರೆಯುವ ಚಳಿಯಲ್ಲಿದ್ದ ಶತಮಾನಗಳಲ್ಲಿ ಅಂಟಾರ್ಕ್ಟಿಕ ನಿಧಾನವಾಗಿ ಬೆಚ್ಚಗಾಗುತ್ತಿದ್ದುದು ಎರಡೂ ಕಡೆಯ ಹಿಮದ ಕೋರುಗಳಿಂದ ತಿಳಿದಿದೆ. ಒಂದು ತುದಿ ಇಳಿದಾಗ ಇನ್ನೊಂದು ಏರುವ ಈ ಸಂಬಂಧವನ್ನು ಧ್ರುವಗಳ ಏತ ಎಂದು ಕರೆಯಬಹುದು. ಎಚ್1ರೊಡನೆ ಸೇರಿದ ಶೀತಕಾಲದಲ್ಲಿ ದಕ್ಷಿಣ ಸಾಗರದ ಆಳದಿಂದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ, ಗಾಳಿಯಲ್ಲಿ ಅದರ ಪ್ರಮಾಣ ದಶಲಕ್ಷಕ್ಕೆ ಸುಮಾರು 190 ಭಾಗಗಳಿಂದ 220ರ ಮೇಲಕ್ಕೆ ಏರಿತು. ಹಿಮಯುಗದ ಕೊನೆಗೆ ಈ ಏರಿಕೆಯೂ ಒಂದು ಕಾರಣ. ಉಷ್ಣವಲಯದ ಮಳೆಪಟ್ಟಿ ಬೆಚ್ಚಗಿನ ಗೋಳಾರ್ಧದ ಕಡೆಗೆ, ಅಂದರೆ ದಕ್ಷಿಣಕ್ಕೆ, ಸರಿಯಿತು: ಇಂದು ಬರಕ್ಕೆ ಹೆಸರಾದ ಬ್ರೆಜಿಲಿನ ಈಶಾನ್ಯ ಭಾಗ ಆಗ ತೋಯ್ದಿತು, ಆಫ್ರಿಕದ ವಿಕ್ಟೋರಿಯಾ ಸರೋವರ ಮತ್ತು ಇಥಿಯೋಪಿಯದ ಟಾನಾ ಸರೋವರ ಎಚ್1ರ ಕಾಲದಲ್ಲಿ ಬತ್ತಿದವು. ಚೀನದ ನಾನ್‌ಜಿಂಗ್ ಬಳಿಯ ಹುಲು ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ನೆಲದ ಮೇಲೆ ಬೆಳೆದ ಸುಣ್ಣದ ಕಂಬಗಳು ಪೂರ್ವ ಏಷ್ಯದ ಮಳೆ ಇದೇ ಕಾಲಗಳಲ್ಲಿ ಸೊರಗಿದ್ದನ್ನು ದಾಖಲಿಸಿವೆ ಎಂದು 2001ರಲ್ಲಿ ಪ್ರಕಟವಾಯಿತು.

ಭಾರತದ ಮುಂಗಾರಿನ ಸಾಕ್ಷ್ಯ ಅರಬ್ಬೀ ಸಮುದ್ರದಲ್ಲಿದೆ. ನೈಋತ್ಯ ಗಾಳಿ ಬಲವಾಗಿ ಬೀಸಿದಾಗ ಮೇಲ್ನೀರು ಪಕ್ಕಕ್ಕೆ ಸರಿದು, ಆಳದ ತಣ್ಣನೆಯ, ಸತ್ವಭರಿತ ನೀರು ಮೇಲೇಳುತ್ತದೆ. ಮಳೆಗಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯಲ್ಲಿ ನಡೆಯುವ ಇದೇ ಕ್ರಿಯೆ ಬೂತಾಯಿ, ಬಂಗುಡೆಗಳ ಸಮೃದ್ಧಿಗೂ ಆಧಾರ. ಆಗ ಬೆಳೆಯುವ ಸೂಕ್ಷ್ಮಜೀವಿಗಳು ಸತ್ತು ಕೊಳೆಯುವಾಗ ನಡು ಆಳದ ಆಮ್ಲಜನಕವನ್ನೆಲ್ಲ ಹೀರಿಬಿಡುವುದರಿಂದ, ಅಲ್ಲಿನ ತಳದಲ್ಲಿ ಹುಳುಗಳು ಬದುಕಲಾರವು. ಕಲಕುವವರಿಲ್ಲದೆ ಕಪ್ಪು ಹೂಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಕೂರುತ್ತದೆ. ಗಾಳಿ ಸೋತ ಕಾಲದ ಹೂಳು ಬಣ್ಣದಲ್ಲಿ ತಿಳಿ, ಹುಳುಗಳು ಕೊರೆದು ಕಲಸಿದ್ದು. ಪಾಕಿಸ್ತಾನದ ಕರಾವಳಿಯಾಚೆಯ ಕೋರುಗಳಲ್ಲಿ ಈ ಕಪ್ಪುಬಿಳುಪು ಗ್ರೀನ್‌ಲೆಂಡಿನ ಉಷ್ಣತೆಯ ಏರಿಳಿತಗಳೊಡನೆ ಕಳೆದ 1,10,000 ವರ್ಷಗಳ ಉದ್ದಕ್ಕೂ ತಾಳೆಯಾಗುವುದನ್ನು ಹಾರ್ಟ್‌ಮುಟ್ ಶುಲ್ಜ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ತೋರಿಸಿದರು. ಹೈನ್ರಿಕ್ ಘಟನೆಗಳ ಕಾಲದ ಹೂಳು ಅಲ್ಲಿ ತಿಳಿಬಣ್ಣದ್ದು. ಮೇಘಾಲಯದ ಚಿರಾಪುಂಜಿ ಬಳಿಯ ಮಾಮ್ಲು ಗುಹೆಯ ಸುಣ್ಣದ ಕಂಬಗಳೂ ಎಚ್1ರ ಕಾಲದಲ್ಲಿ ಮುಂಗಾರು ದುರ್ಬಲವಾಗಿದ್ದುದನ್ನು ಹೇಳುತ್ತವೆ. ಕೆನಡಾದ ಒಂದು ಜಲಸಂಧಿಯಿಂದ ಹೊರಟ ಹಿಮಕ್ಕೂ ಮಲೆನಾಡನ್ನು ತೋಯಿಸುವ ಗಾಳಿಗೂ ನಡುವೆ ಇಂಥ ನಂಟಿದೆ ಎಂಬುದು ಈ ಸಂಶೋಧನೆಯ ಅತ್ಯಂತ ಬೆರಗಿನ ಫಲ.

ಹೀಗಿದ್ದರೂ ಆ ಶೀತಕಾಲಗಳನ್ನು ಹಿಮಬಂಡೆಗಳೇ ಹುಟ್ಟಿಸಿದವು ಎಂಬ ಮೊದಲಿನ ನಂಬಿಕೆ ಇಂದು ಅದೇ ರೂಪದಲ್ಲಿ ಉಳಿದಿಲ್ಲ. ಹಿಮಹಾಸು ತನ್ನೊಳಗಿನ ಲಯದಿಂದಲೇ ಜಾರಿದ್ದಾದರೆ ಘಟನೆಗಳು ಬೆಚ್ಚಗಿನ ಅವಧಿಯಲ್ಲಿಯೂ ಬೀಳಬೇಕಿತ್ತು. ಆದರೆ ಆರೂ ಬಿದ್ದಿರುವುದು ಶೀತ ಅವಧಿಗಳಲ್ಲಿಯೇ. 1995ರಲ್ಲಿ ಬಾಂಡ್ ಮತ್ತು ಲೊಟ್ಟಿ, ಪ್ರತಿ ಶೀತ ಅವಧಿಯಲ್ಲಿಯೂ ಐಸ್‌ಲೆಂಡಿನ ಜ್ವಾಲಾಮುಖಿ ಗಾಜಿನ ಕಣಗಳು ಅಟ್ಲಾಂಟಿಕಿಗೆ ಬಂದು ಬಿದ್ದಿರುವುದನ್ನು ಕಂಡರು. ಬೇರೆಬೇರೆ ದೇಶಗಳ ಹಿಮರಾಶಿಗಳು ಒಟ್ಟೊಟ್ಟಿಗೆ ಒಡೆಯಬೇಕಾದರೆ ಅವೆಲ್ಲವಕ್ಕೂ ಹೊರಗಿನ ಒಂದೇ ಪ್ರೇರಣೆ ಇರಲೇಬೇಕು. 2015ರಲ್ಲಿ ಸ್ಟೀಫನ್ ಬಾರ್ಕರ್ ಮತ್ತು ಸಂಗಡಿಗರು, ಚಳಿ ಆರಂಭವಾದ ನಂತರವೇ ಹಿಮಬಂಡೆಗಳು ಬಂದವೆಂದು ಕೋರಿನಲ್ಲಿ ತೋರಿಸಿದ ಮೇಲೆ, ಅವು ಶೀತದ ತಂದೆಯಲ್ಲ, ಅದರ ಆಯುಷ್ಯವನ್ನು ಹೆಚ್ಚಿಸಿದ ಮಗು ಎಂಬ ನಿಲುವು ಬಲಗೊಂಡಿದೆ. ಪರಿಚಲನೆ ಸೊರಗಿದಾಗ ಮೇಲ್ಮೈ ತಣ್ಣಗಿದ್ದರೂ ಅದರಡಿಯಲ್ಲಿ ಬೆಚ್ಚಗಿನ ನೀರು ಕೂಡಿಕೊಳ್ಳುತ್ತದೆ. ಅದು ಜಲಸಂಧಿಯೊಳಗೆ ನುಸುಳಿ ಹಿಮದ ಅಂಚನ್ನು ಕೆಳಗಿನಿಂದ ಕರಗಿಸುತ್ತದೆ. 2017ರಲ್ಲಿ ಜೆರೆಮಿ ಬ್ಯಾಸಿಸ್ ಮತ್ತು ಸಹೋದ್ಯೋಗಿಗಳು ಇದಕ್ಕೆ ನೆಲದ ಚಲನೆಯನ್ನೂ ಸೇರಿಸಿದರು: ಹಿಮದ ಭಾರಕ್ಕೆ ತಗ್ಗಿದ ನೆಲ ಬೆಚ್ಚಗಿನ ನೀರಿಗೆ ದಾರಿ ಬಿಡುತ್ತದೆ, ಹಿಮ ಹಿಮ್ಮೆಟ್ಟಿ ಭಾರ ಇಳಿದ ಮೇಲೆ ಸಾವಿರಾರು ವರ್ಷಗಳಲ್ಲಿ ನೆಲ ಮೇಲೆದ್ದು ಆ ದಾರಿಯನ್ನು ಮುಚ್ಚುತ್ತದೆ, ಹಿಮ ಮತ್ತೆ ಮುಂದೆ ಬೆಳೆದು ನೆಲ ಪುನಃ ತಗ್ಗುವವರೆಗೆ ಮುಂದಿನ ಘಟನೆ ಕಾಯಬೇಕಾಗುತ್ತದೆ. ಈ ಮರುವಿಂಗಡಣೆಗೆ ತಕ್ಕಂತೆ ಪರಿಭಾಷೆಯೂ ಬದಲಾಗಿದೆ: ಕಲ್ಲಿನ ಪದರ ಬಿದ್ದ, ಬಹುಶಃ ಕೆಲವೇ ಶತಮಾನಗಳ ಅವಧಿಗೆ ಮಾತ್ರ ಹೈನ್ರಿಕ್ ಘಟನೆ ಎಂದೂ, ಅದನ್ನು ಒಳಗೊಂಡ ದೀರ್ಘ ಶೀತಕಾಲಕ್ಕೆ ಹೈನ್ರಿಕ್ ಸ್ಟೇಡಿಯಲ್ ಎಂದೂ ಹೇಳುವುದು ಈಗಿನ ರೂಢಿ, ಮೊದಲನೆಯ ಸ್ಟೇಡಿಯಲ್ ಸುಮಾರು 18,000ದಿಂದ 14,700 ವರ್ಷಗಳ ಹಿಂದಿನವರೆಗೆ ಬಾಳಿತು. ಆ ಅವಧಿಗಳಲ್ಲಿ ಕಡಲಮಟ್ಟ ಎಷ್ಟು ಏರಿತೆಂಬ ಅಂದಾಜುಗಳು ಕೆಲವು ಮೀಟರುಗಳಿಂದ ಸುಮಾರು 15 ಮೀಟರುಗಳವರೆಗೆ ಹರಡಿಕೊಂಡಿವೆ.

ಹಡ್ಸನ್ ಜಲಸಂಧಿಯ ಸುಣ್ಣಕಲ್ಲನ್ನು ಹೊತ್ತ ಪದರಗಳು ಕಳೆದ ಹಿಮಯುಗಕ್ಕೇ ಸೀಮಿತವಲ್ಲ ಎಂಬುದನ್ನು ಡೇವಿಡ್ ಹೋಡೆಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. 609ನೆಯ ತಾಣದ ಸ್ಥಳದಲ್ಲಿಯೇ ಮತ್ತೆ ಕೊರೆದು ತೆಗೆದ ಕೋರಿನಲ್ಲಿ ಅಂಥ ಪದರಗಳಲ್ಲಿ ಅತ್ಯಂತ ಹಳೆಯದು ಸುಮಾರು 6,40,000 ವರ್ಷಗಳ ಹಿಂದಿನದು. ಹಿಮಯುಗಗಳ ಆವರ್ತ 40,000 ವರ್ಷಗಳಿಂದ ಒಂದು ಲಕ್ಷ ವರ್ಷಗಳಿಗೆ ದೀರ್ಘವಾಗಿ, ಹಿಮಹಾಸುಗಳು ಹಿಂದೆಂದಿಗಿಂತ ದಪ್ಪವಾಗಿ ಬೆಳೆಯತೊಡಗಿದ ಪರಿವರ್ತನೆಯ ಕೊನೆಯ ಕಾಲ ಅದು. ಅದಕ್ಕಿಂತ ಕೆಳಗಿನ ಹೂಳಿನಲ್ಲಿಯೂ ಹಿಮಬಂಡೆಗಳು ತಂದ ಮರಳಿದೆ, ಆದರೆ ಹಡ್ಸನ್ ಕೊಲ್ಲಿಯ ಸುಣ್ಣಕಲ್ಲಿನ ಆ ಪದರಗಳಿಲ್ಲ.