ಕಡಲಾಚೆಯ ಮಕ್ಕಳಿಗೆ ಬರೆದ ಓಲೆ

ಮಲಯಾಳಂ ನಿಘಂಟಿನ ಕರ್ತೃವೆಂದು ಹರ್ಮನ್ ಗುಂಡರ್ಟ್ ಅವರ ಹೆಸರನ್ನು ಬಲ್ಲವರು ಅನೇಕರು. ಆ ನಿಘಂಟಿನ ಹಿಂದೆ ಒಂದು ಸಂಸಾರವಿತ್ತು, ಅದು ತೆತ್ತ ಬೆಲೆಯೂ ಇತ್ತು ಎಂಬುದನ್ನು ಬಲ್ಲವರು ವಿರಳ. ಆ ಲೆಕ್ಕ ಉಳಿದಿರುವುದು ಅವರ ಕುಟುಂಬದ ಪತ್ರಗಳಲ್ಲಿ, ದಿನಚರಿಗಳಲ್ಲಿ.

1814ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದರು. ಅದೇ ತಂಡದಲ್ಲಿ ಬಂದ ಜೂಲಿ ದುಬುವಾ ಸ್ವಿಟ್ಜರ್ಲೆಂಡಿನವರು, ಫ್ರೆಂಚ್ ಮಾತಿನವರು. 1838ರಲ್ಲಿ ಇಬ್ಬರಿಗೂ ವಿವಾಹವಾಯಿತು. ಆ ವರ್ಷವೇ ಬಾಸೆಲ್ ಮಿಷನ್ನಿನ ಮಂಗಳೂರು ಠಾಣ್ಯಕ್ಕೆ ಬಂದ ದಂಪತಿಗಳು, 1839ರಲ್ಲಿ ತಲಶ್ಶೇರಿಯ ಇಲ್ಲಿಕುನ್ನು ಗುಡ್ಡದ ಬಂಗಲೆಯಲ್ಲಿ ನೆಲೆಸಿದರು. ಪತಿ ಊರವರಿಂದ ಶಬ್ದಗಳನ್ನೂ ಗಾದೆಗಳನ್ನೂ ಕೇಳಿ ಬರೆದುಕೊಂಡರೆ, ಪತ್ನಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು. ಗೆಳೆಯ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಂತೆ, 1847ರಲ್ಲಿ ಗುಂಡರ್ಟ್ 'ರಾಜ್ಯಸಮಾಚಾರಂ' ಹೊರಡಿಸಿದರು.

1842ರಲ್ಲಿ ತಲಶ್ಶೇರಿಯಲ್ಲಿ ಮಗಳು ಮೇರಿ ಹುಟ್ಟಿದಳು. 1845ರಲ್ಲಿ ಸ್ವದೇಶಕ್ಕೆ ಹೋದ ತಾಯಿತಂದೆಯರು ಮರುವರ್ಷ ಮರಳುವಾಗ ಆ ಕೂಸನ್ನು ಯೂರೋಪಿನಲ್ಲಿಯೇ ಬಿಟ್ಟು ಬಂದರು. ಇದನ್ನು ಕಠಿಣಹೃದಯವೆನ್ನಬಹುದೇ? ಅಂದು ಮಿಷನರಿಗಳಲ್ಲಿ ಇದು ರೂಢಿಯಾಗಿತ್ತು. ಜ್ವರ, ಭೇದಿಗಳ ಭಯ ಒಂದು ಕಡೆ. ಈ ನಾಡಿನ ಮಕ್ಕಳೊಡನೆ ಬೆರೆತು ಬೆಳೆದರೆ ನಮ್ಮ ಮಕ್ಕಳು ನಮ್ಮವರಾಗಿ ಉಳಿಯರೆಂಬ ಅಳುಕು ಇನ್ನೊಂದು ಕಡೆ. ಮಲಬಾರಿನ ಮಾತಿಗೆ ಕಿವಿಗೊಟ್ಟು ಕುಳಿತ ಮನೆಯೇ ತನ್ನ ಮಕ್ಕಳನ್ನು ಆ ಮಾತಿನಿಂದ ದೂರವಿಟ್ಟಿತು. ವಸಾಹತು ಕಾಲದ ಸೇವೆಯೊಳಗೆ ಅಡಗಿದ್ದ ವಿಪರ್ಯಾಸವಿದು.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುನ್ನ ಒಂದು ಓಲೆ ಕಡಲು ದಾಟಲು ವಾರಗಳು ಉರುಳಬೇಕು. ಮಗುವಿನ ಕಾಯಿಲೆಯ ಸುದ್ದಿ ತಾಯಿಗೆ ತಲಪುವ ವೇಳೆಗೆ ಆ ಮಗು ಗುಣವಾಗಿರಬಹುದು, ಇಲ್ಲದೆಯೂ ಹೋಗಿರಬಹುದು. ವಾತ್ಸಲ್ಯವೆಲ್ಲ ಕಾಗದದ ಮೇಲೆಯೇ ನಡೆಯಬೇಕಾಗಿತ್ತು. ಮೇರಿ ಭಾರತಕ್ಕೆ ಮರಳಿದ್ದು 1857ರಲ್ಲಿ, ಹದಿನೈದರ ಹೊಸ್ತಿಲಲ್ಲಿ. ಹನ್ನೊಂದು ವರ್ಷ ಓಲೆಗಳಲ್ಲಿ ಕಂಡ ತಾಯಿಯನ್ನು ಕಣ್ಣಾರೆ ಕಂಡು ಬಳಕೆಮಾಡಿಕೊಳ್ಳಬೇಕಾಯಿತು. ಎರಡೇ ವರ್ಷಗಳಲ್ಲಿ, 1859ರಲ್ಲಿ, ಗುಂಡರ್ಟ್ ಭಾರತವನ್ನು ಬಿಟ್ಟರು.

ಅವರ ನಿಘಂಟು ಪ್ರಕಟವಾದದ್ದು 1872ರಲ್ಲಿ. ಮಂಗಳೂರಿನಲ್ಲಿ ಮಿಷನ್ ಸೇವೆ ಮಾಡಿ ಮರಳಿದ್ದ ಯೋಹಾನಸ್ ಹೆಸ್ಸೆಯವರನ್ನು 1874ರಲ್ಲಿ ಮೇರಿ ವರಿಸಿದರು. 1877ರಲ್ಲಿ ಹುಟ್ಟಿದ ಅವರ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಮೇರಿಯವರ ಪತ್ರ ಮತ್ತು ದಿನಚರಿಗಳನ್ನು 1934ರಲ್ಲಿ ಪುಸ್ತಕವಾಗಿಸಿದವರೂ ಮಗಳೇ, ಅಡೀಲೆ.

ನಿಘಂಟು ಶಬ್ದಕ್ಕೆ ಅರ್ಥ ಹೇಳುತ್ತದೆ. ಅಗಲಿಕೆ ಎಂಬ ಶಬ್ದದ ಅರ್ಥಕ್ಕೆ ಮಾತ್ರ ಆ ಮನೆಯ ಓಲೆಗಳನ್ನೇ ತೆರೆಯಬೇಕು.